ಕಗ್ಗೊಲೆಗೆ ‘ಗಲಭೆ’ ಎಂದು ಹೆಸರಿಟ್ಟ ಫಲಕ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಳೆಯ ಫಲಕ, ಪ್ರತಿಮೆಗಳನ್ನು ಕೆಳಗಿಳಿಸುವ ಮಾತು ಬಂದಾಗಲೆಲ್ಲ ‘ಇತಿಹಾಸವನ್ನು ಅಳಿಸಬೇಡಿ’ ಎಂಬ ಕೂಗು ಏಳುತ್ತದೆ. ಕೇಳಲು ಎಷ್ಟು ಸಭ್ಯವಾದ ಮಾತು! ನಮ್ಮ ಸೆಮಿನಾರುಗಳಲ್ಲೂ ಇದಕ್ಕೆ ತಲೆದೂಗುವವರಿದ್ದಾರೆ. ಅವರು ಲೂಸಿಯಾನ ರಾಜ್ಯದ ಕೋಲ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಫಲಕವೊಂದರ ಕಥೆ ಕೇಳಬೇಕು.

1873ರ ಏಪ್ರಿಲ್ 13, ಈಸ್ಟರ್ ಭಾನುವಾರ. ಹಿಂದಿನ ವರ್ಷದ ಗವರ್ನರ್ ಚುನಾವಣೆಯಲ್ಲಿ ಗೆದ್ದವರು ಯಾರೆಂಬ ಜಗಳ ಇನ್ನೂ ಮುಗಿದಿರಲಿಲ್ಲ. ಆ ಊರಿನ ಕೋರ್ಟ್ ಕಟ್ಟಡವನ್ನು ಕಾಯುತ್ತಿದ್ದವರು ಕಪ್ಪು ಜನ. ಅವರಲ್ಲಿ ಹೆಚ್ಚಿನವರು ಕೆಲವೇ ವರ್ಷಗಳ ಹಿಂದೆ ಗುಲಾಮಗಿರಿಯಿಂದ ಬಿಡುಗಡೆಯಾದವರು. ಬಿಳಿಯರ ದಂಡೊಂದು ಫಿರಂಗಿ ಸಮೇತ ಬಂದು ಕಟ್ಟಡಕ್ಕೆ ಬೆಂಕಿ ಇಟ್ಟಿತು. ಶರಣಾದವರನ್ನೂ ಬಿಡಲಿಲ್ಲ, ಸೆರೆಸಿಕ್ಕವರನ್ನು ರಾತ್ರಿ ಗುಂಡಿಟ್ಟು ಕೊಂದರು. ಸತ್ತ ಕಪ್ಪು ಜನರ ಲೆಕ್ಕ ಸುಮಾರು 60ರಿಂದ 150ರವರೆಗೆ ಹೋಗುತ್ತದೆ. ಸತ್ತ ಬಿಳಿಯರು ಮೂವರು. ಕೆಲವರಿಗೆ ಶಿಕ್ಷೆಯೇನೋ ಆಯಿತು. 1876ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೂಯಿಕ್‌ಶಾಂಕ್ ಪ್ರಕರಣದಲ್ಲಿ ಅದನ್ನೂ ತಳ್ಳಿಹಾಕಿತು. ಸಂವಿಧಾನದ 14ನೇ ತಿದ್ದುಪಡಿ ಕಟ್ಟಿಹಾಕುವುದು ರಾಜ್ಯಗಳನ್ನು, ವ್ಯಕ್ತಿಗಳನ್ನಲ್ಲ ಎಂಬುದು ಅದರ ವಾದ.

ಕಾನೂನು ಕೈಬಿಟ್ಟಿತು. ಉಳಿದ ಕೆಲಸವನ್ನು ಕಲ್ಲು, ಲೋಹಗಳು ಮಾಡಿದವು. 1921ರಲ್ಲಿ ಊರಿನ ಸ್ಮಶಾನದಲ್ಲಿ ಸ್ಮಾರಕಸ್ತಂಭವೊಂದು ಎದ್ದಿತು. ಅದರಲ್ಲಿ ಮೂವರು ಬಿಳಿಯರ ಹೆಸರುಗಳಿವೆ. ಬಿಳಿಯರ ಮೇಲುಗೈಗಾಗಿ ಹೋರಾಡಿ ಮಡಿದ ವೀರರು ಅವರೆಂದು ನಾಚಿಕೆಯಿಲ್ಲದೆ ಕೆತ್ತಲಾಗಿದೆ. 1950ರಲ್ಲಿ ರಾಜ್ಯ ಸರ್ಕಾರವೇ ರಸ್ತೆ ಬದಿಗೆ ಫಲಕ ನೆಡಿಸಿತು. ಇಲ್ಲಿ ನಡೆದದ್ದು ‘ಗಲಭೆ’. ಮೂವರು ಬಿಳಿಯರೂ 150 ನೀಗ್ರೋಗಳೂ ಹತರಾದರು. ದಕ್ಷಿಣದಲ್ಲಿ ಉತ್ತರದವರ ದುರಾಡಳಿತ ಇದರೊಂದಿಗೆ ಕೊನೆಗೊಂಡಿತು ಎಂಬುದು ಅದರ ಸಾರಾಂಶ. ನೆಡಿಸಿದ್ದು ಇತಿಹಾಸ ಇಲಾಖೆಯಲ್ಲ, ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆ!

ಈಗ ಹೇಳಿ, ಇತಿಹಾಸವನ್ನು ಅಳಿಸಿದವರು ಯಾರು? ಮೂವರಿಗೆ ಹೆಸರು, ಉಳಿದವರಿಗೆ ಬರೀ ಅಂಕಿ. ಕೊಂದವರು ಯಾರೆಂಬ ಮಾತೇ ಇಲ್ಲ. ಜನ ತಾವಾಗಿಯೇ ‘ಹತರಾದರು’. ಕೊನೆಗೆ, ಆದದ್ದೆಲ್ಲ ಒಳ್ಳೆಯದಕ್ಕೇ ಎಂಬ ತೀರ್ಪು ಬೇರೆ. ಈ ಫಲಕ 1873ರ ಬಗ್ಗೆ ಹೇಳುವುದು ಅಲ್ಪ. 1950ರ ಬಗ್ಗೆ, ಕಪ್ಪು ಜನ ಮತ ಹಾಕಲು ನೂರೆಂಟು ಅಡ್ಡಿಗಳಿದ್ದ ಕಾಲದ ಬಗ್ಗೆ ಹೇಳುವುದೇ ಬಹಳ.

ಹೆಸರಿಡುವುದರ ಈ ರಾಜಕೀಯ ನಮಗೇನೂ ಹೊಸದಲ್ಲ. 1837ರಲ್ಲಿ ಸುಳ್ಯ, ಕೊಡಗಿನ ಜನ ಕಂಪನಿಯ ವಿರುದ್ಧ ಎದ್ದದ್ದು ‘ಕಲ್ಯಾಣಪ್ಪನ ಕಾಟಕಾಯಿ’ಯೋ, ಸ್ವಾತಂತ್ರ್ಯ ಸಮರವೋ? ಯಾವ ಪದ ಆರಿಸುತ್ತೀರಿ ಎಂಬುದರಲ್ಲೇ ನೀವು ಯಾರ ಪಕ್ಕ ನಿಂತಿದ್ದೀರಿ ಎಂಬುದೂ ತಿಳಿಯುತ್ತದೆ.

ಕೋಲ್‌ಫ್ಯಾಕ್ಸ್‌ನ ಫಲಕವನ್ನು 2021ರಲ್ಲಿ ಕಿತ್ತರು. ಕೊಂದವರ ವಂಶದ ಒಬ್ಬರು, ಸತ್ತವರ ವಂಶದ ಒಬ್ಬರು ಜೊತೆಗೂಡಿ ದುಡಿದ ಫಲವಾಗಿ 2023ರ ಏಪ್ರಿಲ್ 13ರಂದು, ಸರಿಯಾಗಿ 150 ವರ್ಷಕ್ಕೆ, ಹೊಸ ಗ್ರಾನೈಟ್ ಸ್ಮಾರಕ ಬಂತು. ಅದರಲ್ಲಿ ಸತ್ತ ಕಪ್ಪು ಜನರ ಹೆಸರುಗಳಿವೆ. ಇದು ಅಳಿಸುವುದೇ? ಒಂದೂವರೆ ಶತಮಾನ ಅಂಕಿಯಾಗಿದ್ದವರು ಮನುಷ್ಯರಾದರು, ಅಷ್ಟೇ.

ಹಳೆಯ ಫಲಕವನ್ನು ಕರಗಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಮ್ಯೂಸಿಯಮ್ಮಿನಲ್ಲಿರಲಿ, ಯಾರು, ಯಾವಾಗ, ಏಕೆ ನೆಡಿಸಿದರು ಎಂಬ ವಿವರ ಪಕ್ಕದಲ್ಲಿರಲಿ. ಅಲ್ಲಿ ಅದು ದಾಖಲೆ. ರಸ್ತೆ ಬದಿಯಲ್ಲಿ, ಸರ್ಕಾರದ ಹೆಸರಿನಲ್ಲಿ ನಿಂತಾಗ ಅದು ಆದೇಶ. ಈ ವ್ಯತ್ಯಾಸ ಕಾಣದವರು ಕಾಪಾಡಲು ಹೊರಟಿರುವುದು ಇತಿಹಾಸವನ್ನಲ್ಲ, ಗೆದ್ದವರ ಬಡಾಯಿಯನ್ನು.