ಹಾರಿದ್ದಕ್ಕೆ ನೋಟು, ಜಾರಿದ್ದಕ್ಕೆ ಚಿಲ್ಲರೆ

ಗಂಡಸರ ಫಿಗರ್ ಸ್ಕೇಟಿಂಗ್ ನೋಡೋ ಹುಚ್ಚು ಹಿಡಿದವರಲ್ಲಿ ಎರಡು ಪಂಗಡ. ಒಂದು ಪಂಗಡದ ಪ್ರಕಾರ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ನೆಟ್ಟಗೆ ಇಳಿಯೋದೇ ಆಟ, ಉಳಿದಿದ್ದೆಲ್ಲ ಒಗ್ಗರಣೆ. ಇನ್ನೊಂದು ಪಂಗಡದ ಪ್ರಕಾರ ಈ ಹಾರಾಟವೇ ಕಲೆಯನ್ನು ನುಂಗಿ ನೀರು ಕುಡಿಯಿತು, ಹಳೇ ಕಾಲವೇ ಚೆನ್ನಾಗಿತ್ತು. ಯಾವ ಸ್ಪರ್ಧೆ ಮುಗಿದರೂ ಮರುದಿನ ಇದೇ ಜಗಳ. ನನ್ನ ಕೇಳಿದರೆ ಇಬ್ಬರೂ ಒಂದೇ ಕಡೆ ಎಡವುತ್ತಿದ್ದಾರೆ. ಹಾರೋದು ಬೇರೆ, ಕಲೆ ಬೇರೆ ಅನ್ನೋದನ್ನ ಇಬ್ಬರೂ ಮೊದಲೇ ಒಪ್ಪಿಕೊಂಡು ಆಮೇಲೆ ಜಗಳಕ್ಕೆ ಕೂರ್ತಾರೆ. ಅಂಕ ಕೊಡೋ ನಿಯಮವೂ ಹಾಗೇ ಅಂದುಕೊಂಡಿದೆ. ನನ್ನ ತಕರಾರು ಇರೋದು ಅಲ್ಲೇ.

ಈ ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು ಹೇಳಿ ಮುಂದೆ ಹೋಗ್ತೀನಿ. ಪ್ರತಿ ಸ್ಪರ್ಧಿಯೂ ಎರಡು ಸಲ ಐಸ್ ಮೇಲೆ ಇಳೀತಾನೆ. ಮೊದಲು ಎರಡೂವರೆ ನಿಮಿಷ ಚಿಲ್ಲರೆಯ ಶಾರ್ಟ್ ಪ್ರೋಗ್ರಾಂ, ಆಮೇಲೆ ನಾಲ್ಕು ನಿಮಿಷದ ಫ್ರೀ ಸ್ಕೇಟ್. ಎರಡರ ಅಂಕ ಕೂಡಿಸಿ ಗೆದ್ದವರು ಯಾರು ಅಂತ ತೀರ್ಮಾನ. ಹಾರಿ ನಾಲ್ಕು ಸುತ್ತು ತಿರುಗಿದರೆ ಅದಕ್ಕೆ ಕ್ವಾಡ್ ಅಂತಾರೆ. ಸ್ಪರ್ಧೆಯಲ್ಲಿ ಅದನ್ನು ಸರಿಯಾಗಿ ಮಾಡಿದ ಮೊದಲಿಗ ಅಂತ ದಾಖಲಾದವನು ಕೆನಡಾದ ಕರ್ಟ್ ಬ್ರೌನಿಂಗ್, 1988ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ. ಎಲ್ಲಕ್ಕಿಂತ ಕಷ್ಟದ್ದು ಆಕ್ಸೆಲ್. ಅದನ್ನು ಮುಂದಕ್ಕೆ ಮುಖ ಮಾಡಿ ಹಾರಬೇಕಾದ್ದರಿಂದ ಅರ್ಧ ಸುತ್ತು ಹೆಚ್ಚು. ನಾಲ್ಕೂವರೆ ಸುತ್ತಿನ ಕ್ವಾಡ್ ಆಕ್ಸೆಲನ್ನು 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ಇಲ್ಯಾ ಮಲಿನಿನ್ ಅನ್ನೋ ಹದಿನೇಳರ ಹುಡುಗ ಮೊದಲ ಬಾರಿ ಇಳಿಸಿ ತೋರಿಸಿದ. ಇದೆಲ್ಲ ನಡೆಯೋದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ಕಣ್ಣು ಮಿಟುಕಿಸಿದರೆ ಮುಗೀತು!

ಸರಿ, ಹಾಗಾದರೆ ಕಲೆ ಎಲ್ಲಿದೆ? ಬಹಳ ಜನ ಕೈ ಬೀಸೋದು, ಮುಖದಲ್ಲಿ ಭಾವ ತರೋದು, ಮಿಂಚೋ ಬಟ್ಟೆ... ಇದೇ ಕಲೆ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಇರೋದು ಕಾಲಿನ ಕೆಳಗೆ. ಸ್ಕೇಟಿನ ಬ್ಲೇಡಿಗೆ ಒಂದಲ್ಲ ಎರಡು ಅಂಚು. ಒಳಗಿನದೊಂದು, ಹೊರಗಿನದೊಂದು, ನಡುವೆ ಸಣ್ಣ ತೋಡು. ಒಂದು ಅಂಚಿನ ಮೇಲೆ ಮೈ ವಾಲಿಸಿದರೆ ಐಸ್ ಮೇಲೆ ಬಾಗಿದ ಗೆರೆ ಬೀಳುತ್ತೆ. ಎಷ್ಟು ಧೈರ್ಯವಾಗಿ ವಾಲ್ತೀರೋ ಅಷ್ಟು ಚೆಂದದ ಗೆರೆ. ‘ಫಿಗರ್’ ಅನ್ನೋ ಹೆಸರು ಬಂದಿದ್ದೇ ಹೀಗೆ ಐಸ್ ಮೇಲೆ ಬ್ಲೇಡಿನಿಂದ ಬರೆಯುತ್ತಿದ್ದ ಆಕಾರಗಳಿಂದ. 1990ರವರೆಗೂ ಸ್ಪರ್ಧೆಯಲ್ಲಿ ಆ ಆಕಾರಗಳನ್ನು ಬರೆದು ತೋರಿಸೋದು ಕಡ್ಡಾಯವಾಗಿತ್ತು. ಈಗಲೂ ಒಳ್ಳೆಯ ಸ್ಕೇಟರ್ ಯಾರು ಅಂತ ಗೊತ್ತಾಗಬೇಕಾದರೆ ಅವನು ಒಂದು ಅಂಚಿನಿಂದ ಇನ್ನೊಂದಕ್ಕೆ ಹೇಗೆ ದಾಟ್ತಾನೆ, ವೇಗ ಕಳೆದುಕೊಳ್ಳದೆ ತಾಳಕ್ಕೆ ಹೇಗೆ ಕಾಲಿಡ್ತಾನೆ ಅಂತ ನೋಡಬೇಕು.

ಒಂದು ಉದಾಹರಣೆ ಕೊಡ್ತೀನಿ. ಜಪಾನಿನ ಡೈಸುಕೆ ತಕಾಹಾಶಿ 2008ರಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡು ಆಪರೇಷನ್ ಮಾಡಿಸಿಕೊಂಡ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ವಾಪಸ್ ಬಂದು ಫೆಲಿನಿಯ ‘ಲಾ ಸ್ತ್ರಾದಾ’ ಸಿನಿಮಾದ ಸಂಗೀತಕ್ಕೆ ಫ್ರೀ ಸ್ಕೇಟ್ ಮಾಡಿದ. ಶುರುವಿನಲ್ಲೇ ಕ್ವಾಡ್ ಹಾರಲು ಹೋಗಿ ಬಿದ್ದ. ಎದ್ದವನು ಮುಂದಿನ ನಾಲ್ಕು ನಿಮಿಷ ಬೀದಿ ಸರ್ಕಸ್ಸಿನ ಕೋಡಂಗಿಯಾಗಿಬಿಟ್ಟ. ಆ ನಗು, ಆ ತುಂಟತನ, ಅದರ ಅಡಿಯಲ್ಲಿದ್ದ ಸಣ್ಣ ನೋವು... ಎಲ್ಲವೂ ಮಂಡಿಯಿಂದ ಕೆಳಗೇ ಕಾಣ್ತಿತ್ತು. ಕಂಚು ಬಂತು. ಗಂಡಸರ ಫಿಗರ್ ಸ್ಕೇಟಿಂಗ್‌ನಲ್ಲಿ ಏಷ್ಯಾಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು. ಮರುತಿಂಗಳು ಟ್ಯೂರಿನ್‌ನಲ್ಲಿ ವಿಶ್ವ ಚಾಂಪಿಯನ್ ಕೂಡ ಆದ.

ಹಾರೋದು ಕಲೆಗೆ ಶತ್ರು ಅನ್ನೋರಿಗೆ ತೋರಿಸಬೇಕಾದ್ದು ಯುಝುರು ಹನ್ಯೂನ ‘ಸೇಮೇ’. ಹತ್ತು-ಹನ್ನೊಂದನೇ ಶತಮಾನದ ಜಪಾನಿನ ಮಾಂತ್ರಿಕ-ಜ್ಯೋತಿಷಿ ಅಬೆ ನೋ ಸೇಮೇಯ ಪಾತ್ರ, 2001ರ ‘ಓನ್‌ಮ್ಯೋಜಿ’ ಸಿನಿಮಾದ ಸಂಗೀತ. ಆ ಸಿನಿಮಾದಲ್ಲಿ ಸೇಮೇ ಆಗಿದ್ದ ಕ್ಯೋಗೆನ್ ರಂಗಭೂಮಿಯ ನಟ ನೊಮುರಾ ಮನ್ಸಾಯ್‌ನನ್ನು ಭೇಟಿಯಾಗಿ ಹನ್ಯೂ ಮಾತಾಡಿಕೊಂಡು ಬಂದಿದ್ದ. 2015ರ ನವೆಂಬರ್‌ನಲ್ಲಿ ನಗಾನೋದಲ್ಲಿ ಒಟ್ಟು 322.40 ಅಂಕ ಪಡೆದು 300 ದಾಟಿದ ಮೊದಲಿಗನಾದ. ಎರಡು ವಾರ ಕಳೆದು ಬಾರ್ಸಿಲೋನಾದಲ್ಲಿ 330.43! ಬಲಗಾಲಿನ ಗಾಯದಿಂದ ತಿಂಗಳುಗಟ್ಟಲೆ ಸ್ಪರ್ಧೆಯಿಂದ ಹೊರಗುಳಿದಿದ್ದವನು 2018ರಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲೂ ಇದನ್ನೇ ಮಾಡಿ ಎರಡನೇ ಚಿನ್ನ ಗೆದ್ದ. ಅವನ ಟ್ರಿಪಲ್ ಆಕ್ಸೆಲ್ ನೋಡಿ. ಬೇರೆಯವರ ಹಾಗೆ ಉದ್ದಕ್ಕೆ ಜಾರಿಕೊಂಡು ಬಂದು, ಉಸಿರು ಬಿಗಿಹಿಡಿದು, ‘ಈಗ ಹಾರ್ತೀನಿ’ ಅಂತ ಮುನ್ಸೂಚನೆ ಕೊಟ್ಟು ಹಾರೋದಿಲ್ಲ. ಹಿಂದಕ್ಕೆ ಹೋಗುತ್ತಿದ್ದವನು ಒಂದು ತಿರುವಿನಲ್ಲೇ ಮೇಲೆದ್ದುಬಿಡ್ತಾನೆ, ಇಳಿದಮೇಲೂ ಚಲನೆ ನಿಲ್ಲೋದಿಲ್ಲ. ಡೋಲಿನ ಪೆಟ್ಟಿಗೆ ಸರಿಯಾಗಿ ಕಾಲು ನೆಲಕ್ಕೆ ತಾಗುತ್ತೆ. ಇದನ್ನು ಹಾರಾಟ ಅಂತ ಎಣಿಸ್ತೀರೋ, ಕಲೆ ಅಂತ ಎಣಿಸ್ತೀರೋ? ನನಗಂತೂ ಬಿಡಿಸೋಕೆ ಬರೋದಿಲ್ಲ.

ಆದರೆ ನಿಯಮ ಮಾತ್ರ ಬಿಡಿಸುತ್ತೆ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಜೋಡಿ ವಿಭಾಗದ ತೀರ್ಪಿನ ದೊಡ್ಡ ಹಗರಣವಾಗಿ, ಎರಡು ಜೋಡಿಗೂ ಚಿನ್ನ ಕೊಡಬೇಕಾಗಿ ಬಂತು. ಆರಕ್ಕೆ ಆರು ಅಂಕದ ಹಳೇ ಪದ್ಧತಿಗೆ ಅಲ್ಲಿಗೆ ಮಂಗಳ ಹಾಡಿ 2004ರಿಂದ ಹೊಸ ಲೆಕ್ಕ ತಂದರು. ಒಂದೊಂದು ಹಾರಾಟಕ್ಕೂ, ಸುತ್ತಿಗೂ ಒಂದೊಂದು ಮೂಲಬೆಲೆ. ಕಲೆ, ಸ್ಕೇಟಿಂಗ್ ಗುಣಮಟ್ಟ ಇತ್ಯಾದಿಗೆ ಬೇರೆಯೇ ಅಂಕ. ಅದಕ್ಕೆ ಕಾಂಪೊನೆಂಟ್ಸ್ ಅಂತಾರೆ. ಮೊದಲು ಐದು ವಿಭಾಗ ಇತ್ತು, 2022ರಿಂದ ಮೂರು.

2018ರಲ್ಲಿ ತಂದ ಬೆಲೆಪಟ್ಟಿ ಸ್ವಲ್ಪ ನೋಡೋಣ. ಕ್ವಾಡ್ ಲುಟ್ಸ್ ಅನ್ನೋ ಹಾರಾಟಕ್ಕೆ ಮೂಲಬೆಲೆ 11.5. ಕ್ವಾಡ್ ಆಕ್ಸೆಲ್‌ಗೆ 12.5. ಐಸಿನ ಈ ತುದಿಯಿಂದ ಆ ತುದಿಗೆ, ಎರಡೂ ದಿಕ್ಕಿಗೆ ತಿರುಗುತ್ತಾ, ಎಲ್ಲ ಅಂಚುಗಳನ್ನೂ ಬಳಸಿ ಮಾಡೋ ಅತಿ ಕಷ್ಟದ ನಾಲ್ಕನೇ ಹಂತದ ಸ್ಟೆಪ್ ಸೀಕ್ವೆನ್ಸ್‌ಗೆ ಎಷ್ಟು ಗೊತ್ತಾ? 3.9. ಚೆನ್ನಾಗಿ ಮಾಡಿದರೆ ಮೂಲಬೆಲೆಯ ಅರ್ಧದವರೆಗೆ ಬೋನಸ್ ಇದೆ, ನಿಜ. ಆದರೆ 11.5ರ ಅರ್ಧ 5.75. 3.9ರ ಅರ್ಧ ಎರಡೂ ತುಂಬೋದಿಲ್ಲ. ಅಂದ್ರೆ ಜಗತ್ತಿನಲ್ಲೇ ಅತ್ಯುತ್ತಮವಾದ ಕಾಲುಗಾರಿಕೆಗೆ ಸಿಗೋದು 5.85, ಚೆನ್ನಾಗಿ ಇಳಿದ ಒಂದು ಕ್ವಾಡ್ ಲುಟ್ಸ್‌ಗೆ 17.25. ಅರ್ಧ ನಿಮಿಷ ಮೈಯೆಲ್ಲ ಬಳಸಿ ಮಾಡಿದ್ದಕ್ಕೆ ಚಿಲ್ಲರೆ, ಒಂದು ಸೆಕೆಂಡಿಗೆ ನೋಟು!

‘ಕಲೆಗೆ ಕಾಂಪೊನೆಂಟ್ಸ್ ಇದೆಯಲ್ಲ’ ಅಂತೀರಿ. ಇದೆ. ಆದರೆ ಅದಕ್ಕೆ ಛಾವಣಿ ಇದೆ. ಗಂಡಸರ ಫ್ರೀ ಸ್ಕೇಟ್‌ನಲ್ಲಿ ಎಲ್ಲ ತೀರ್ಪುಗಾರರೂ ಹತ್ತಕ್ಕೆ ಹತ್ತು ಕೊಟ್ಟರೂ ಸುಮಾರು 100 ಅಂಕ ಅಷ್ಟೇ. ಹಾರಾಟಕ್ಕೆ ಛಾವಣಿ ಇಲ್ಲ, ಆಕಾಶವೇ ಇರೋದು. ಮಲಿನಿನ್ 2024ರ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಶಿಪ್‌ನ ಫ್ರೀ ಸ್ಕೇಟ್ ಒಂದರಲ್ಲೇ 227.79 ಪಡೆದ. ಕಾಂಪೊನೆಂಟ್ಸ್‌ನ ನೂರನ್ನು ಪೂರ್ತಿ ಕೊಟ್ಟರು ಅಂತ ಇಟ್ಟುಕೊಂಡರೂ ಉಳಿದ 127ಕ್ಕಿಂತ ಹೆಚ್ಚು ಅಂಕ ಬಂದಿದ್ದು ಆ ಬೆಲೆಪಟ್ಟಿಯಿಂದ.

ಇನ್ನೊಂದು ಕಡೆ ಜೇಸನ್ ಬ್ರೌನ್. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಕ್ವಾಡ್ ಇಲ್ಲದೆ 281.24 ಅಂಕ ಪಡೆದು ಆರನೆಯವನಾದ. ನೀನಾ ಸಿಮೋನ್ ಹಾಡಿದ ‘ಸಿನ್ನರ್‌ಮನ್’ಗೆ ಅವನು ಮಾಡಿದ ಶಾರ್ಟ್ ಪ್ರೋಗ್ರಾಂ ನೋಡಿದವರು ಮರೆಯೋದಿಲ್ಲ. ‘ನೋಡಿ, ಕ್ವಾಡ್ ಇಲ್ಲದೆಯೂ ಆರನೇ ಸ್ಥಾನ ಬಂತಲ್ಲ, ನಿಯಮ ಸರಿಯಾಗೇ ಇದೆ’ ಅಂತ ಕೆಲವರ ವಾದ. ಆದರೆ ಚಿನ್ನ ಗೆದ್ದ ನೇಥನ್ ಚೆನ್‌ನ ಅಂಕ 332.60. ನಡುವೆ 51 ಅಂಕದ ಕಂದಕ. ಚೆನ್ ಆ ಚಿನ್ನಕ್ಕೆ ಪೂರ್ತಿ ಅರ್ಹ, ಅದರಲ್ಲಿ ನನಗೆ ಎರಡು ಮಾತಿಲ್ಲ. 2018ರ ಒಲಿಂಪಿಕ್ಸ್‌ನ ಶಾರ್ಟ್‌ನಲ್ಲಿ 17ನೇ ಸ್ಥಾನಕ್ಕೆ ಬಿದ್ದು, ಫ್ರೀ ಸ್ಕೇಟ್‌ನಲ್ಲಿ ಆರು ಕ್ವಾಡ್ ಇಳಿಸಿ ಆ ಸುತ್ತು ಗೆದ್ದವನು ಅವನು. ನನ್ನ ಪ್ರಶ್ನೆ ಬೇರೆ. ಬ್ರೌನ್ ಇನ್ನೂ ಹತ್ತು ವರ್ಷ ಕಾಲುಗಾರಿಕೆ ತಿದ್ದಿಕೊಂಡಿದ್ದರೂ ಆ ಕಂದಕ ತುಂಬಲು ನಿಯಮದಲ್ಲಿ ದಾರಿ ಇತ್ತಾ?

ಇನ್ನು ಆ ಕಾಂಪೊನೆಂಟ್ಸ್ ಅಂಕವನ್ನಾದರೂ ನೆಟ್ಟಗೆ ಕೊಡ್ತಾರಾ? ವ್ಯಾಂಕೂವರ್‌ಗೇ ಮತ್ತೆ ಹೋಗೋಣ. ಅಮೆರಿಕದ ಎವನ್ ಲೈಸಾಚೆಕ್ 257.67, ರಷ್ಯಾದ ಎವ್ಗೆನಿ ಪ್ಲುಶೆಂಕೊ 256.36. ಕ್ವಾಡ್ ಇಲ್ಲದ ಲೈಸಾಚೆಕ್‌ಗೆ ಚಿನ್ನ, ಕ್ವಾಡ್ ಹಾರಿದ ಪ್ಲುಶೆಂಕೊಗೆ ಬೆಳ್ಳಿ. ಕ್ವಾಡ್ ಇಲ್ಲದಿದ್ದರೆ ಅದು ಗಂಡಸರ ಸ್ಕೇಟಿಂಗೇ ಅಲ್ಲ, ಡ್ಯಾನ್ಸು ಅನ್ನೋ ಅರ್ಥದಲ್ಲಿ ಪ್ಲುಶೆಂಕೊ ಆಗ ಮಾತಾಡಿದ್ದ. ಅಭಿಮಾನಿಗಳು ಇವತ್ತಿಗೂ ಆ 1.31 ಅಂಕವನ್ನ ಹಿಡಿದು ಎಳೆದಾಡ್ತಾರೆ. ನನಗೆ ವಿಚಿತ್ರ ಅನ್ನಿಸೋದು ಬೇರೆ ಸಂಖ್ಯೆ. ಫ್ರೀ ಸ್ಕೇಟ್‌ನಲ್ಲಿ ಇಬ್ಬರಿಗೂ ಸಿಕ್ಕ ಕಾಂಪೊನೆಂಟ್ಸ್ 82.80. ಒಂದೇ! ಉದ್ದ ಗೆರೆಗಳನ್ನ ಎಳೆದು ಸಂಗೀತ ಹಿಡಿದು ಹೋಗೋ ಒಬ್ಬ, ಒಂದು ಹಾರಾಟದಿಂದ ಇನ್ನೊಂದಕ್ಕೆ ಓಡಿಕೊಂಡು ಹೋಗಿ ನಡುವೆ ಕೈ ಬೀಸೋ ಇನ್ನೊಬ್ಬ. ಇಬ್ಬರ ಕಲೆಯೂ ತಕ್ಕಡಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ನಿಂತಿತು. ಬಿದ್ದರೂ ಇಬ್ಬರಿಗಿಂತ ಚೆನ್ನಾಗಿ ಸ್ಕೇಟ್ ಮಾಡಿದ ತಕಾಹಾಶಿಗೆ ಅವರಿಗಿಂತ ಸ್ವಲ್ಪವೇ ಸ್ವಲ್ಪ ಹೆಚ್ಚು.

ಇದಕ್ಕೆ ತೀರ್ಪುಗಾರರನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ಅವರ ಪಾಡು ನೋಡಿ. ನಾಲ್ಕು ನಿಮಿಷದಲ್ಲಿ ಏಳು ಹಾರಾಟ, ಮೂರು ಸ್ಪಿನ್, ಎರಡು ಸೀಕ್ವೆನ್ಸ್... ಪ್ರತಿಯೊಂದಕ್ಕೂ ಗುಣಮಟ್ಟದ ಅಂಕ ಒತ್ತಬೇಕು. ಅದೇ ಮನುಷ್ಯ ಕೊನೆಗೆ ಇಡೀ ಪ್ರದರ್ಶನದ ರಚನೆ, ಭಾವ, ಕಾಲುಗಾರಿಕೆಗೂ ಅಂಕ ಹಾಕಬೇಕು. ಹಾರಾಟ ಎಣಿಸುತ್ತಾ ಕೂತವನಿಗೆ ನಡುವಿನ ನಡೆ ಎಷ್ಟು ಕಂಡೀತು? ಹಾಗಾಗಿ ಹಾರಾಟ ಚೆನ್ನಾಗಿ ಇಳಿದರೆ ಕಲೆಯ ಅಂಕವೂ ಏರುತ್ತೆ, ಬಿದ್ದರೆ ಇಳಿಯುತ್ತೆ. ಕಲೆಯ ಅಂಕ ಹಾರಾಟದ ನೆರಳಾಗಿಬಿಟ್ಟಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ, ತಳ್ಳಿಹಾಕೋ ಹಾಗಿಲ್ಲ. ‘ಸುತ್ತು ಎಣಿಸಬಹುದು, ಕಲೆ ಅವರವರ ರುಚಿ. ರುಚಿಗೆ ಹೆಚ್ಚು ಅಂಕ ಕೊಟ್ಟರೆ ಮತ್ತೆ 2002ರ ಹಗರಣವೇ.’ ಸರಿ ಸ್ವಾಮಿ. ಆದರೆ ನಾನು ಹೇಳ್ತಿರೋ ಕಲೆಯಲ್ಲಿ ಬಹುಪಾಲು ಎಣಿಸಬಹುದಾದ್ದೇ. ಹಾರೋ ಮುಂಚೆ ಎಷ್ಟು ಸೆಕೆಂಡು ಸುಮ್ಮನೆ ಜಾರಿದ, ಯಾವ ತಿರುವಿನಿಂದ ಮೇಲೆದ್ದ, ಅಂಚು ಎಷ್ಟು ವಾಲಿತ್ತು, ಎರಡು ಕಾಲಿನ ಮೇಲೆ ಎಷ್ಟು ಹೊತ್ತು ಇದ್ದ, ಕಾಲು ತಾಳಕ್ಕೆ ಬಿತ್ತೋ ಇಲ್ಲವೋ. ಬಣ್ಣದ ಬಟ್ಟೆ ಇಷ್ಟವಾಯಿತಾ ಅನ್ನೋದು ರುಚಿ. ಇವು ರುಚಿಯಲ್ಲ.

2018ರಲ್ಲಿ ಒಂದಷ್ಟು ತಿದ್ದುಪಡಿ ಮಾಡಿದ್ದರು. ಕ್ವಾಡ್‌ಗಳ ಬೆಲೆ ಇಳಿಸಿದರು, ಎಂಟು ಹಾರಾಟ ಇದ್ದದ್ದು ಏಳಾಯಿತು. ಆದರೆ ಅದೇ ಕೈಯಲ್ಲಿ ಗಂಡಸರ ಫ್ರೀ ಸ್ಕೇಟ್ ಅನ್ನು ನಾಲ್ಕೂವರೆ ನಿಮಿಷದಿಂದ ನಾಲ್ಕಕ್ಕೆ ಕತ್ತರಿಸಿದರು. ಸುಮ್ಮನೆ ಒಂದು ಕಾಲಿನ ಮೇಲೆ ಉದ್ದಕ್ಕೆ ಜಾರಿ ಸಂಗೀತ ಕೇಳಿಸಿಕೊಳ್ಳೋಕೆ ಇದ್ದ ಅರ್ಧ ನಿಮಿಷವೇ ಹೋಯಿತು ಅಂತ ನನಗನ್ನಿಸುತ್ತೆ.

‘ಅಂಕದ ಲೆಕ್ಕಕ್ಕೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ತೀರಿ’ ಅನ್ನಬಹುದು. ಯಾಕಂದ್ರೆ ಹತ್ತು ವರ್ಷದ ಹುಡುಗ ಬೆಳಿಗ್ಗೆ ಐದಕ್ಕೆ ಎದ್ದು ಏನು ಅಭ್ಯಾಸ ಮಾಡ್ತಾನೆ ಅನ್ನೋದನ್ನ ತೀರ್ಮಾನ ಮಾಡೋದು ಆ ಬೆಲೆಪಟ್ಟಿ. ಕೋಚ್‌ಗೂ ಗೊತ್ತು, ಅಪ್ಪ-ಅಮ್ಮನಿಗೂ ಗೊತ್ತು.

ಇಂಗ್ಲೆಂಡಿನ ಜಾನ್ ಕರಿ ಚಿಕ್ಕವನಿದ್ದಾಗ ಡ್ಯಾನ್ಸ್ ಕಲೀತೀನಿ ಅಂದಿದ್ದ. ಅಪ್ಪ ಒಪ್ಪಲಿಲ್ಲ. ಸ್ಕೇಟಿಂಗ್ ಅಂದಾಗ ಒಪ್ಪಿದ, ಯಾಕಂದ್ರೆ ಅದು ಕ್ರೀಡೆ! ಆ ಹುಡುಗ ಕ್ರೀಡೆಯ ಬಾಗಿಲಿನಿಂದ ಒಳಗೆ ಬಂದು, ಐಸ್ ಮೇಲೆ ಬ್ಯಾಲೆಯನ್ನೇ ಇಳಿಸಿ, 1976ರಲ್ಲಿ ಯುರೋಪಿಯನ್, ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಶಿಪ್ ಮೂರನ್ನೂ ಗೆದ್ದ. ಅದೇ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕೆನಡಾದ ಟಾಲರ್ ಕ್ರಾನ್‌ಸ್ಟನ್ ಚಿತ್ರಕಾರನೂ ಹೌದು. ಗಂಡಸು ನಾಜೂಕಾಗಿ ಕುಣಿದರೆ ಮೂಗು ಮುರಿಯೋ ಜಗತ್ತಿನಲ್ಲಿ, ಕುಣಿದು ಗೆಲ್ಲಬಹುದಾದ ಒಂದು ಜಾಗ ಇತ್ತು. ಕುಣಿತಕ್ಕೆ ಚಿಲ್ಲರೆ ಅಂತ ಆದರೆ ಅಂಥ ಹುಡುಗರಿಗೆ ಆ ಬಾಗಿಲು ಮುಚ್ಚಿದ ಹಾಗೇ. ನನ್ನ ಸಂಕಟ ಇದು.

ನಾನು ಕೇಳೋದು ದೊಡ್ಡದೇನಲ್ಲ. ಸ್ಟೆಪ್ ಸೀಕ್ವೆನ್ಸ್‌ನ ಬೆಲೆ ಒಂದು ಕ್ವಾಡ್‌ನ ಹತ್ತಿರಕ್ಕಾದರೂ ಬರಲಿ. ಹಾರಾಟ ನೋಡೋಕೆ ಒಂದು ತಂಡ, ಕಾಂಪೊನೆಂಟ್ಸ್ ನೋಡೋಕೆ ಬೇರೆಯೇ ತಂಡ ಕೂರಲಿ. ಮಲಿನಿನ್ ನಾಲ್ಕೂವರೆ ಸುತ್ತು ತಿರುಗಲಿ, ಯಾರಾದರೂ ಐದು ತಿರುಗಿದರೂ ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೀತೀನಿ. ಅವನ ಪಕ್ಕದಲ್ಲಿ ಒಬ್ಬ ತಕಾಹಾಶಿಯೂ ಗೆಲ್ಲೋ ಆಸೆ ಇಟ್ಟುಕೊಂಡು ನಿಲ್ಲೋ ಹಾಗಿರಲಿ.

ಮುಂದಿನ ಸಲ ಸ್ಕೇಟಿಂಗ್ ನೋಡುವಾಗ ಒಂದು ಕೆಲಸ ಮಾಡಿ. ಎರಡು ಹಾರಾಟಗಳ ನಡುವೆ ಅವನ ಪಾದ ಏನು ಮಾಡ್ತಿದೆ ಅಂತ ಅಷ್ಟನ್ನೇ ನೋಡಿ. ಆಮೇಲೆ ಹೇಳಿ, ಆ ಹೊತ್ತು ಒಗ್ಗರಣೆ ಅನ್ನಿಸ್ತಾ, ಅಡುಗೆ ಅನ್ನಿಸ್ತಾ? :-)