ಮೊಮ್ಮಗನ ಪಟ್ಟಿಯಲ್ಲಿ ಗೆರೆ ಹೊಡೆದ ಸಾಲು

ವರ್ಷಾಂತ್ಯದಲ್ಲಿ ನಾವು ಓದಿದ ಉತ್ತಮ ಗ್ರಂಥಗಳನ್ನು ಈ ಅಂಕಣದಲ್ಲಿ ಹೆಸರಿಸುವುದು ರೂಢಿ. ವಾಚಕ ಬಂಧುಗಳು ಅದನ್ನೇ ನಿರೀಕ್ಷಿಸುತ್ತಿರಬಹುದು. ಆದರೆ 2025ರ ಡಿಸೆಂಬರ್ ಕೊನೆಯ ವಾರ ಅಣ್ಣಿಗೇರಿಯಲ್ಲಿರುವ ನಮ್ಮ ಅಣ್ಣನವರ ಮನೆಗೆ ಹೋಗಿದ್ದಾಗ ಇನ್ನೊಂದು ಬಗೆಯ ಪಟ್ಟಿಯನ್ನು ಕಂಡೆವು. ಅದರ ವಿಚಾರ ಹೇಳದೆ ಗ್ರಂಥಗಳ ಮಾತಿಗೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಅಣ್ಣನವರ ಮೊಮ್ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಬಂದವನು ನೋಟುಬುಕ್ಕಿನ ಹಾಳೆಯೊಂದರಲ್ಲಿ ಆ ವರ್ಷ ತಾನಾಡಿದ ವಿಡಿಯೋ ಗೇಮುಗಳಲ್ಲಿ ತನಗೆ ಪ್ರಿಯವಾದವುಗಳನ್ನು ಬರೆದಿಟ್ಟಿದ್ದ. ನಾವು ಕನ್ನಡಕ ಏರಿಸಿ ಹಾಳೆಯನ್ನು ಕೈಗೆತ್ತಿಕೊಂಡೊಡನೆ ಅವನ ಮುಖ ಬಾಡಿತು. "ಓದಿ ಹೇಳು ತಮ್ಮಾ, ನಾವು ಬಯ್ಯಾಂಗಿಲ್ಲ" ಎಂದೆವು.

ಮೊದಲನೆಯ ಹೆಸರು 'ಸಿಲ್ಕ್‌ಸಾಂಗ್'. ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ ಬೆರಳೆಣಿಕೆಯ ಜನ ಕೂಡಿ ಕಟ್ಟಿದ ಆಟವಿದು. 2019ರಲ್ಲಿ ಘೋಷಿಸಿದ್ದನ್ನು ಅವರು ಹೊರತಂದದ್ದು 2025ರ ಸೆಪ್ಟೆಂಬರ್ 4ರಂದು. ಆರು ವರ್ಷಗಳ ಕಾಲ ಜಗತ್ತಿನ ಆಟಗಾರರೆಲ್ಲ ಬೈಯುತ್ತ, ನಗುತ್ತ ಕಾಯ್ದರಂತೆ. ಮಾಡುವವರು ಮಾತ್ರ ಅವಸರಿಸಲಿಲ್ಲ. ಕಥಾನಾಯಕಿ ಒಂದು ಕೀಟ. ಸೂಜಿ ಅವಳ ಆಯುಧ, ರೇಷ್ಮೆಯ ಎಳೆ ಅವಳ ಬಲ. ಪರದೇಶದಲ್ಲಿ ಸೆರೆಯಾಗಿ ಬಿಡಿಸಿಕೊಂಡ ಅವಳು ಬೆಟ್ಟದ ತುದಿಯ ದುರ್ಗಕ್ಕೆ ಏರಬೇಕು. ದಾರಿಯುದ್ದಕ್ಕೂ ಅದೇ ದುರ್ಗದ ದರ್ಶನಕ್ಕೆಂದು ಹೊರಟ ಯಾತ್ರಿಕರಿದ್ದಾರೆ. ಹಲವರು ನಡುವೆಯೇ ಬಿದ್ದಿದ್ದಾರೆ. ಇಷ್ಟು ಕೇಳುವಾಗಲೇ ನಮ್ಮ ಕುತೂಹಲ ಕೆರಳಿತ್ತು. ಆಮೇಲೆ ಅವನೆಂದ: "ಆ ನಾಡಿನ್ಯಾಗ ರೊಕ್ಕ ಅಂದ್ರ ಜಪಮಣಿ ಅಜ್ಜಾರ. ಕೆಲವು ಕಡೆ ಕುಂದ್ರಾಕ ಬೆಂಚ್ ಬೇಕಂದ್ರೂ ಮಣಿ ಕೊಡಬೇಕು."

ನಾವು ಗಟ್ಟಿಯಾಗಿ ನಕ್ಕುಬಿಟ್ಟೆವು. ಜಪಮಣಿಯೇ ನಾಣ್ಯವಾಗಿ, ದಣಿದ ಯಾತ್ರಿಕ ಕುಳಿತುಕೊಳ್ಳುವುದಕ್ಕೂ ಸುಂಕ ತೆರುವ ಕ್ಷೇತ್ರವನ್ನು ಕಲ್ಪಿಸಲು ಆಸ್ಟ್ರೇಲಿಯಾದ ಹುಡುಗರೇ ಬೇಕಾಯಿತೆ? ಹನ್ನೆರಡನೆಯ ಶತಮಾನದಲ್ಲಿ ಶರಣರು ಸ್ಥಾವರದ ಸುತ್ತಲಿನ ಈ ವ್ಯಾಪಾರವನ್ನು ಕಂಡು ಸುಮ್ಮನಿರಲಿಲ್ಲ. ಆ ಮಾತನ್ನು ಹುಡುಗನಿಗೆ ಹೇಳಿದಾಗ ಅವನು ಮೊದಲ ಬಾರಿಗೆ ನಮ್ಮೆಡೆಗೆ ಕುರ್ಚಿಯನ್ನು ಎಳೆದುಕೊಂಡ.

ದುರ್ಗದ ಬಾಗಿಲಲ್ಲಿ ಉರಿಯುವ ಧೂಪಪಾತ್ರೆ ಬೀಸುವ ದ್ವಾರಪಾಲಕನೊಬ್ಬನಿದ್ದಾನೆ. ಅವನ ಕೈಯಲ್ಲಿ ಈ ಹುಡುಗ ನಲವತ್ತಕ್ಕೂ ಹೆಚ್ಚು ಬಾರಿ ಸತ್ತನಂತೆ. ಸತ್ತರೆ ಕೂಡಿಸಿದ ಮಣಿಗಳು ಅಲ್ಲಿಯೇ ಬೀಳುತ್ತವೆ. ಹಿಂದಿರುಗಿ ಅದೇ ಜಾಗಕ್ಕೆ ಹೋಗಿ ಎತ್ತಿಕೊಳ್ಳಬೇಕು. ದಾರಿಯಲ್ಲಿ ಮತ್ತೆ ಸತ್ತರೆ ಅವು ಹೋದಂತೆಯೇ. ಇದರಲ್ಲೇನು ಸುಖವೆಂದು ಕೇಳಿದೆವು. "ಪ್ರತಿ ಸರ್ತಿ ನಂದೇ ತಪ್ಪು ಅಂತ ಗೊತ್ತಾಗತೈತ್ರಿ. ಆಟ ಮೋಸ ಮಾಡೂದಿಲ್ಲ" ಎಂದ. ಈ ಉತ್ತರವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಎರಡನೆಯದು ಬೇಸಾಯದ ಆಟ, 'ಫಾರ್ಮಿಂಗ್ ಸಿಮ್ಯುಲೇಟರ್ 25'. ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು 2008ರಿಂದ ಈ ಸರಣಿಯನ್ನು ತರುತ್ತಿದ್ದು, ಈ ಆವೃತ್ತಿ 2024ರ ನವೆಂಬರಿನಲ್ಲಿ ಬಂತು. ಭತ್ತದ ಗದ್ದೆ, ಎಮ್ಮೆಗಳು ಹೊಸದಾಗಿ ಸೇರಿವೆ. ಆಲಿಕಲ್ಲು, ಸುಂಟರಗಾಳಿಗಳೂ ಬಂದಿವೆ. ಹುಡುಗನ ತಂದೆ ಎರೆಹೊಲದ ಒಕ್ಕಲಿಗ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಅವನು ಬಾಗಿಲಲ್ಲಿ ನಿಂತು ಮಗನ ಹೊಲವನ್ನು ನೋಡಿದ. ಮಳೆ ಬಾರದೆ ಬಿತ್ತಿದ್ದು ಒಣಗುವ ಭಯ ಅಲ್ಲಿಲ್ಲವೆಂಬುದನ್ನು ತಿಳಿದು ತುಟಿಯಂಚಿನಲ್ಲಿ ನಕ್ಕ. ಬ್ಯಾಂಕಿನ ಸಾಲ ಅಲ್ಲಿಯೂ ಉಂಟೆಂದು ಕೇಳಿ ಸಮಾಧಾನಗೊಂಡ. ಪೇಟೆಯ ಧಾರಣೆ ಏರಿಳಿಯುತ್ತದೆ, ಬೆಲೆ ಬರುವವರೆಗೆ ಕಾಳನ್ನು ಕಣಜದಲ್ಲಿಟ್ಟುಕೊಳ್ಳಬಹುದು ಎಂದು ಮಗ ವಿವರಿಸಿದಾಗ ಮಾತ್ರ ಅವನ ನಗೆ ನಿಂತಿತು. "ಆ ಕಣಜ ಒಂದು ನಮಗೂ ಇದ್ದಿದ್ರ!" ಎಂದು ಹೇಳಿ ಒಳಗೆ ಹೋದ. 1980ರ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿದ ಸೀಮೆಯಿದು. ಅವನ ಮಾತನ್ನು ನಾವು ವಿನೋದವೆಂದು ತೆಗೆದುಕೊಳ್ಳಲಾರೆವು.

ಮೂರನೆಯದು ಫೋನಿನಲ್ಲಿ ಆಡುವ ಇಂಡೋನೇಷಿಯಾದ ಬಸ್ಸಿನ ಆಟ. ಅದರಲ್ಲಿ ಆಡುವವರು ಬಸ್ಸಿಗೆ ತಮಗೆ ಬೇಕಾದ ಬಣ್ಣ ಬಳಿಯಬಹುದು. ಈತ ಜಾವಾ ದ್ವೀಪದ ರಸ್ತೆಗಳಲ್ಲಿ ಕಲಘಟಗಿಯ ಫಲಕ ಹೊತ್ತ ಕೆಂಪು ಬಸ್ಸನ್ನು ಓಡಿಸುತ್ತಿದ್ದ. ಅದರ ಬಗೆಗೆ ಹೆಚ್ಚು ಹೇಳುವುದಿಲ್ಲ, ನೋಡಿ ಸಂತೋಷವಾಯಿತು. ಅದೇ ಡಿಸೆಂಬರಿನಲ್ಲಿ ಅಮೆರಿಕೆಯಲ್ಲಿ ವರ್ಷದ ಶ್ರೇಷ್ಠ ಆಟವೆಂದು ಪ್ರಶಸ್ತಿ ಪಡೆದದ್ದು ಫ್ರಾನ್ಸಿನ 'ಕ್ಲೇರ್ ಅಬ್ಸ್‌ಕ್ಯೂರ್'. ಅದೇಕೆ ಪಟ್ಟಿಯಲ್ಲಿಲ್ಲ ಎಂದರೆ, "ತುಟ್ಟಿ ಐತ್ರಿ ಅಜ್ಜಾರ, ರೇಟು ಇಳಿದ ಮ್ಯಾಲೆ ನೋಡೂಣು" ಎಂದ. ಜಗತ್ತು ಮೆಚ್ಚಿದ್ದನ್ನು ತಾನೂ ಮೆಚ್ಚಿದೆನೆಂದು ಬರೆದುಕೊಳ್ಳದ ಪ್ರಾಮಾಣಿಕತೆ ಗ್ರಂಥಗಳ ಪಟ್ಟಿ ಮಾಡುವ ನಮ್ಮಂಥವರಲ್ಲಿ ಸದಾ ಇರುವುದಿಲ್ಲ.

ಹಾಳೆಯ ಕೆಳಗೆ ನಾಲ್ಕನೆಯ ಸಾಲೊಂದಿತ್ತು, ಅದರ ಮೇಲೆ ಎರಡು ಗೆರೆ ಎಳೆದಿತ್ತು. ಇದೇನೆಂದು ಕೇಳಿದಾಗ ಹುಡುಗ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ.

ಅದು ಹಣವಿಟ್ಟು ಆಡುವ ಇಸ್ಪೀಟಿನ ಆಟ. ಮೊದಲ ವರ್ಷದ ವ್ಯಾಸಂಗದಲ್ಲಿ, ಹಾಸ್ಟೆಲಿನ ಏಕಾಂತದಲ್ಲಿ, ಶುಲ್ಕಕ್ಕೆಂದು ತಂದೆ ಕೊಟ್ಟ ಹಣದಲ್ಲಿ 18,000 ರೂಪಾಯಿ ಹೋಯಿತು. ಎರಡು ರಜೆ ಊರಿಗೆ ಬಾರದೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ತೀರಿಸಿದ. ಮನೆಯವರು ಓದಿಗಾಗಿ ಉಳಿದನೆಂದು ತಿಳಿದಿದ್ದರು. ಮರೆಯಬಾರದೆಂದು ವರ್ಷ ವರ್ಷವೂ ಆ ಹೆಸರು ಬರೆದು ತಾನೇ ಗೆರೆ ಹೊಡೆಯುತ್ತಾನೆ. "ಅಲ್ಲಿ ನನ್ನ ತಪ್ಪು ಎಲ್ಲಿ ಅಂತನ ತಿಳೀತಿರಲಿಲ್ರಿ" ಎಂದ.

"ನಮಗಾದರೂ ಯಾಕ ಹೇಳಲಿಲ್ಲ ತಮ್ಮಾ?"

"ನೀವು ಬರದದ್ದು ಓದಿದ್ನಿರಿ ಅಜ್ಜಾರ. ಫೋನಿನ್ಯಾಗ ಆಡೋರೆಲ್ಲಾ ಜೂಜುಕೋರರು ಅಂತ ಬರದಿದ್ರಿ. ಇನ್ನ ನಿಮ್ಮ ಮುಂದ ಹ್ಯಾಂಗ ಬರಲಿ?"

ಅವನು ಹೇಳಿದ್ದು ನಿಜ. ಆನ್‌ಲೈನ್ ಜೂಜನ್ನು ನಿಷೇಧಿಸಿ ನಮ್ಮ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿತ್ತು. ಕೌಶಲದ ಆಟವನ್ನು ಜೂಜಿನೊಡನೆ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದು ತೀರ್ಪಿನ ಒಂದು ತಿರುಳು. ಅದರಿಂದ ನೊಂದು ಇದೇ ಅಂಕಣದಲ್ಲಿ ಪರದೆಯ ಮೇಲಿನ ಆಟವೆಲ್ಲವೂ ಜೂಜೇ ಎಂದು ನಾವು ಗುಡುಗಿದ್ದೆವು. ಒಂದು ಆಟವನ್ನೂ ಕಣ್ಣಿಂದ ನೋಡಿರಲಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆಯೇ ಹಣವಿಟ್ಟು ಆಡುವುದನ್ನು ಬೇರೆ, ಹಣವಿಲ್ಲದೆ ಆಡುವುದನ್ನು ಬೇರೆ ಎಂದು ವಿಂಗಡಿಸಿದೆ. ಕಾಯ್ದೆಗೆ ತಿಳಿದ ಭೇದ ನಮಗೆ ತಿಳಿಯದೆ ಹೋಯಿತು.

ತಿಳಿಯದೆ ಅಲ್ಲ, ಮರೆತೆವು. ನಾವು ಮಠದಲ್ಲಿ ಓದುತ್ತಿದ್ದಾಗ ಶಿವರಾತ್ರಿಯ ಜಾಗರಣೆಗೆ ಗುರುಗಳೇ ಪಗಡೆಯ ಹಾಸನ್ನು ಹಾಸಿಸುತ್ತಿದ್ದರು. ಬೆಳಗಿನವರೆಗೆ ಆಡಬಹುದಿತ್ತು. ಒಮ್ಮೆ ಯಾರೋ ನಾಲ್ಕಾಣೆ ಪಣವಿಟ್ಟರು; ಗುರುಗಳು ಏನನ್ನೂ ಆಡದೆ ದಾಳಗಳನ್ನೆತ್ತಿ ಜೋಳಿಗೆಯಲ್ಲಿ ಹಾಕಿಕೊಂಡು ನಡೆದರು. ಆದರೆ ಮರುವರ್ಷ ಹಾಸು ಮತ್ತೆ ಹಾಸಿತು. ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳಾದ ಅಬ್ಬಣಬ್ಬೆಯ ಮಗ ಪಂಪ, ಧರ್ಮರಾಯನ ದ್ಯೂತವನ್ನು ತನ್ನ ಕಾವ್ಯದಲ್ಲಿ ವರ್ಣಿಸಿದ್ದಾನೆ. ಆ ಊರಿನ ಮನೆಯಲ್ಲೇ ಕುಳಿತು ಈ ಪಾಠವನ್ನು ಮೊಮ್ಮಗನಿಂದ ಹೇಳಿಸಿಕೊಳ್ಳಬೇಕಾಯಿತು.

ಮರುದಿನ ಹುಡುಗ ತಾನೇ ತಂದೆಗೆ ಹೇಳಿದ. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ತೀರಿತೇನು?" ಎಂದ. "ತೀರಿತ್ರಿ ಅಪ್ಪಾ." ಬುತ್ತಿ ತೆಗೆದುಕೊಂಡು ಕಡಲೆಯ ಹೊಲಕ್ಕೆ ಹೋದ. ಸಂಜೆ ಅಣ್ಣನವರು ಅಟ್ಟದಿಂದ ಹಳೆಯ ನವಲಗುಂದದ ಜಮಖಾನವನ್ನು ಇಳಿಸಿದರು. ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳು ನೆಟ್ಟನೆಯ ಮಗ್ಗದಲ್ಲಿ ನೇಯ್ದು 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನೇಯ್ಗೆಯಿದು. ನಡುವೆ ಪಗಡೆಯ ಮನೆಗಳೇ ಚಿತ್ತಾರವಾಗಿವೆ. ದಾಳ ಸಿಗಲಿಲ್ಲ. ಅರೆದ ಹುಣಸೆಬೀಜಗಳಿಂದ ನಾಲ್ವರೂ ಆಡಿದೆವು. ನಾವು ಸೋತೆವು, ತಪ್ಪು ನಮ್ಮದೇ ಇತ್ತು.

ಈ ಅಂಕಣದ ಸಂಕಲನದ ಕರಡು ಈಗ ನಮ್ಮ ಮೇಜಿನ ಮೇಲಿದೆ. 2022ರ ಆ ಲೇಖನವನ್ನು ಅದರಿಂದ ತೆಗೆದಿದ್ದೇವೆ. ಹುಡುಗನ ಒಪ್ಪಿಗೆ ಪಡೆದೇ ಇದನ್ನು ಬರೆದೆವು. ಯಾವ ಮನೆಯಲ್ಲಾದರೂ ಇಂತಹ ಗೆರೆ ಹೊಡೆದ ಸಾಲಿದ್ದು, ಹೇಳಲು ಯಾರೂ ಇಲ್ಲವೆನಿಸಿದರೆ, ಪತ್ರಿಕೆಯ ವಿಳಾಸಕ್ಕೆ ನಮಗೆ ಪತ್ರ ಬರೆಯಬಹುದು. ಹೆಸರು ಬರೆಯಬೇಕಾಗಿಲ್ಲ. ಗ್ರಂಥಗಳ ಪಟ್ಟಿ ಮುಂದಿನ ತಿಂಗಳು.