ಇಲ್ಲದ ರುಚಿಗೆ ಬೆಲೆ ಕಟ್ಟಿದವರು ಯಾರು?

ಜಿನ್ ಇಲ್ಲವೆ ವೋಡ್ಕಾ ಕೊಂಡು ಮನೆಯಲ್ಲೇ ಮಾರ್ಟಿನಿ ಬೆರೆಸಿಕೊಳ್ಳುವ ಅಮೆರಿಕದ ದುಡಿಮೆಗಾರನ ಜೇಬಿಗೆ ಕೈ ಹಾಕಿದವರು ಯಾರು? ಜಿನ್ನಿನ ಮಾತು ಬೇರೆ. ಅದಕ್ಕೆ ಜುನಿಪರ್ ಕಾಯಿಯ ಘಮವುಂಟು, ನಾಲಗೆಗೆ ಭೇದ ತಿಳಿಯುತ್ತದೆ. ವೋಡ್ಕಾಕ್ಕೆ ವಿಶೇಷ ವಾಸನೆ, ರುಚಿ ಇರಕೂಡದೆಂದು ಅಲ್ಲಿನ ಸರ್ಕಾರದ ನಿಯಮವೇ 1949ರಿಂದ 2020ರವರೆಗೆ ಹೇಳುತ್ತಿತ್ತು. ಬಂಡವಾಳಗಾರರು ಆ ಇಲ್ಲದ ರುಚಿಗೇ ಚೀಟಿ ಅಂಟಿಸಿ ಹೆಚ್ಚಿನ ಬೆಲೆ ವಸೂಲು ಮಾಡಿದರು!

2005ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೆಸರು ಮುಚ್ಚಿ 20ಕ್ಕೂ ಹೆಚ್ಚು ವೋಡ್ಕಾಗಳ ರುಚಿ ನೋಡಿಸಿತು. ಗೆದ್ದದ್ದು ದುಬಾರಿ ಸೀಸೆಯಲ್ಲ, ಅಗ್ಗದ ಸ್ಮಿರ್ನಾಫ್.

ಕುಡಿಯಿರೆಂದು ನಾವು ಹೇಳುತ್ತಿಲ್ಲ. ಕೊಳ್ಳುವವನು ಚೀಟಿಯನ್ನು ಮುಚ್ಚಿ ನಾಲಗೆಯನ್ನು ಕೇಳಲಿ ಎನ್ನುತ್ತೇವೆ. ಚೀಟಿಗೆ ತೆತ್ತ ಕಾಸು ದುಡಿದವನ ಬೆವರು. ಅದು ಬಟ್ಟಿ ಇಳಿಸುವ ಕೂಲಿಯವನ ಕೈ ಸೇರದು, ಒಡೆಯನ ತಿಜೋರಿ ಸೇರುತ್ತದೆ.